ಪೌರಾಯುಕ್ತನೆಂಬ ಸಮಾಸ

‘ಪೌರಾಯುಕ್ತ’ ಎಂಬ ಮಾತನ್ನು ಬಿಡಿಸಿ ಹೇಳುವುದು ಹೇಗೆ? ಪೌರರಿಂದ ಆಯುಕ್ತನಾದವನು ಎಂದೋ, ಪೌರರಿಗಾಗಿ ಆಯುಕ್ತನಾದವನು ಎಂದೋ? ಮೊದಲನೆಯದು ತೃತೀಯಾ ತತ್ಪುರುಷ, ಎರಡನೆಯದು ಚತುರ್ಥೀ. ಕನ್ನಡ ಪಾಠ ಹೇಳುವ ನನಗೆ ಇದು ವ್ಯಾಕರಣದ ವಿಚಾರ. ಆ ಕುರ್ಚಿಯಲ್ಲಿ ಕುಳಿತವನಿಗೆ ಧರ್ಮದ ವಿಚಾರ. ತನ್ನನ್ನು ಆರಿಸದ ಊರಿನ ಹಣವನ್ನು ವೆಚ್ಚಮಾಡುವವನು ಯಾರ ಮಾತಿಗೆ ನಡೆಯಬೇಕು?

ಅಮೆರಿಕದ ಡೇಟನ್ ನಗರ 1913ರ ಪ್ರವಾಹದಲ್ಲಿ ಮುಳುಗಿತು. ಮರುವರ್ಷ ಅಲ್ಲಿಯ ಚುನಾಯಿತ ಸಭೆಯೇ ಊರಿನ ಆಡಳಿತಕ್ಕೆ ನುರಿತ ವ್ಯವಸ್ಥಾಪಕನೊಬ್ಬನನ್ನು ಸಂಬಳಕ್ಕೆ ನೇಮಿಸಿಕೊಂಡಿತು. ಅವನು ಬೇಡವಾದರೆ ಬಿಡಿಸುವ ಅಧಿಕಾರವೂ ಸಭೆಯದೇ. ಅಲ್ಲಿಯದು ತೃತೀಯಾ ತತ್ಪುರುಷ. ನಮ್ಮಲ್ಲಿ ಹಾಗಲ್ಲ. ನಂಜನಗೂಡಿನ ನಗರಸಭೆಗೆ ಪೌರಾಯುಕ್ತರನ್ನೂ ತಿರುಮಕೂಡಲು ನರಸೀಪುರದ ಪುರಸಭೆಗೆ ಮುಖ್ಯಾಧಿಕಾರಿಯನ್ನೂ ಕಳುಹಿಸುವುದು ಸರ್ಕಾರ; ವರ್ಗಮಾಡುವುದೂ ಸರ್ಕಾರವೇ. ಕೆಲಸ ಹೇಳುವವರು ಒಬ್ಬರು, ಎತ್ತಿ ಬೇರೆಡೆಗೆ ಹಾಕುವವರು ಇನ್ನೊಬ್ಬರು.

ಬಿಳಿಗೆರೆಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಉದ್ಯೋಗದಲ್ಲಿದ್ದಾನೆ. “ಸಭೆ ಹೇಳಿದಂತೆ ಮಾಡಿದರೆ ಮನಸ್ಸು ಒಪ್ಪುವುದಿಲ್ಲ, ಮೇಷ್ಟ್ರೇ, ಮನಸ್ಸು ಹೇಳಿದಂತೆ ಮಾಡಿದರೆ ಊರು ಬಿಡಬೇಕು” ಎಂದು ಒಮ್ಮೆ ಅಂದ. ಅವನಿಗೆ ಏನು ಹೇಳೋಣ?

ನಮ್ಮ ಮಧ್ಯಮವರ್ಗದ ಉತ್ತರ ಸಿದ್ಧವಾಗಿಯೇ ಇರುತ್ತದೆ: ದಿಟ್ಟ ಅಧಿಕಾರಿ ಯಾರನ್ನೂ ಕೇಳಬೇಕಾಗಿಲ್ಲ. 1994ರಲ್ಲಿ ಪ್ಲೇಗಿನಿಂದ ಕಂಗೆಟ್ಟ ಸೂರತ್ ನಗರಕ್ಕೆ ಮರುವರ್ಷ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಹೆಸರನ್ನು ಇದಕ್ಕೆ ನಿದರ್ಶನವಾಗಿ ಹೇಳುವುದುಂಟು. ಅವರು ಊರನ್ನು ಗುಡಿಸಿ ತೊಳೆದು ನಿಲ್ಲಿಸಿದ್ದು ನಿಜ. ಅದು ಸಣ್ಣ ಸಾಧನೆಯಲ್ಲ. ಆದರೆ ಕೇಳದೆ ಒಳ್ಳೆಯದನ್ನು ಮಾಡಲು ಬಿಟ್ಟ ಬಾಗಿಲು, ಕೇಳದೆ ಕೆಟ್ಟದ್ದನ್ನು ಮಾಡುವವನಿಗೂ ತೆರೆದೇ ಇರುತ್ತದೆ. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತ ಅಧಿಕಾರಿಗಳ ಕೈಯಲ್ಲೇ ನಡೆಯಿತು. ಬೀದಿಯ ಹಳ್ಳವನ್ನು ತೋರಿಸಿ, ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇನೆ ಎನ್ನಲು ವಾರ್ಡಿನವನಿಗೆ ಒಬ್ಬ ಸದಸ್ಯನೂ ಇರಲಿಲ್ಲ.

ಹಾಗಾದರೆ ಸಭೆ ಹೇಳಿದ್ದನ್ನೆಲ್ಲ ತಲೆಬಾಗಿ ಮಾಡಲೇ? ಅದೂ ಸಲ್ಲದು. ಕಪಿಲೆಯನ್ನೇ ನೋಡಿ. ನಂಜನಗೂಡನ್ನು ದಾಟಿ, ಬಿಳಿಗೆರೆ ಹೋಬಳಿಯ ಊರುಗಳ ಮಗ್ಗುಲಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಯಾವ ಊರನ್ನೂ ದೂರುವುದಕ್ಕಲ್ಲ, ಮಾತಿಗೆ ಹೇಳುತ್ತೇನೆ: ಹೊಳೆಯ ದಂಡೆಯ ಪಟ್ಟಣದ ಸಭೆಯೊಂದು ಒಳಚರಂಡಿಯನ್ನು ಮುಂದಕ್ಕೆ ಹಾಕಿ, ಇದ್ದ ಹಣದಲ್ಲಿ ಪೇಟೆಬೀದಿಗೆ ದೀಪದ ಕಂಬ ನಿಲ್ಲಿಸೋಣ ಎಂದಿತೆನ್ನಿ. ದೀಪ ಕಂಡವರು ವೋಟು ಕೊಡುತ್ತಾರೆ. ಕೊಳೆನೀರಿನಲ್ಲಿ ದನ ಮೈತೊಳೆಯುವ ಕೆಳಗಿನ ಹಳ್ಳಿಯವನಿಗೆ ಆ ಪಟ್ಟಣದಲ್ಲಿ ವೋಟೇ ಇಲ್ಲ. ಅವನ ಪರವಾಗಿ ಸಭೆಯಲ್ಲಿ ಮಾತನಾಡುವವರು ಯಾರು?

ಅಧಿಕಾರಿಯ ಧರ್ಮ ಇಲ್ಲಿದೆ ಎಂದು ನನಗೆ ತೋರುತ್ತದೆ. ಏನು ಬೇಕೆಂದು ಹೇಳುವ ಹಕ್ಕು ಸಭೆಯದು. ಅದರ ಬೆಲೆಯನ್ನು ಯಾರು ತೆರುತ್ತಾರೆಂದು, ನಿರ್ಣಯವಾಗುವ ಮೊದಲೇ, ಕಡತದಲ್ಲಿ ತಿಳಿಗನ್ನಡದಲ್ಲಿ ಬರೆದು ರುಜು ಹಾಕುವುದು ಅವನ ಕರ್ತವ್ಯ. ಅದನ್ನು ಓದಿಯೂ ಸಭೆ ಕಾನೂನಿಗೆ ಒಳಪಟ್ಟು ತೀರ್ಮಾನಿಸಿದರೆ, ತನಗೆ ರುಚಿಸದಿದ್ದರೂ ಅವನು ನಡೆಸಲೇಬೇಕು. ಕಾನೂನನ್ನು ಮೀರಿದರೆ ಒಲ್ಲೆನೆನ್ನಬೇಕು. ಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರವನ್ನು 1964ರ ಪುರಸಭೆಗಳ ಕಾಯಿದೆ ಜಿಲ್ಲಾಧಿಕಾರಿಗೆ ಕೊಟ್ಟಿದೆ. ಆ ಅಧಿಕಾರ ಎಚ್ಚರಗೊಳ್ಳುವುದಕ್ಕೂ ಇಂಥದೊಂದು ಬರಹ ಬೇಕು.

ಈ ನಾಲ್ಕು ಸಾಲು ಬರೆಯುವುದು ಸುಲಭವಲ್ಲ. ಮಕ್ಕಳ ಶಾಲೆಯ ನಡುವರ್ಷದಲ್ಲಿ ಗಂಟುಮೂಟೆ ಕಟ್ಟಬೇಕಾದೀತು. ನೆಟ್ಟ ಮರದ ನೆರಳಲ್ಲಿ ನಿಲ್ಲುವ ಭಾಗ್ಯ ಈ ವೃತ್ತಿಯವರಲ್ಲಿ ಅನೇಕರಿಗಿಲ್ಲ. ಬರೆದವನು ಹೋದರೂ ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಅಷ್ಟೆ.

ಉಳಿದು ಫಲವೇನು ಎಂದರೆ, ಅದು ನಮಗೆ ಸೇರಿದ ಪ್ರಶ್ನೆ. ಒಳ್ಳೆಯ ಅಧಿಕಾರಿಗೆ ವರ್ಗವಾದ ಸುದ್ದಿ ಓದಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತೇವೆ. ಆತ ಏನು ಬರೆದಿಟ್ಟು ಹೋದ ಎಂದು ಕೇಳುವುದಿಲ್ಲ. 2005ರಲ್ಲಿ ಬಂದ ಮಾಹಿತಿ ಹಕ್ಕಿನ ಕಾಯಿದೆಯಡಿ 10 ರೂಪಾಯಿಯ ಅರ್ಜಿ ಕೊಟ್ಟರೆ ಅಂಥ ಕಡತವನ್ನು ಕೇಳಿ ಓದಬಹುದು. ಸರ್ಕಾರ ಕಳುಹಿಸಿದವನನ್ನು ಪೌರರ ಆಯುಕ್ತನನ್ನಾಗಿ ಮಾಡಿಕೊಳ್ಳಲು ನಮಗಿರುವ ದಾರಿಗಳಲ್ಲಿ ಇದೂ ಒಂದು. ಹಿಡಿದವರು ಮಾತ್ರ ಕಡಿಮೆ.