ಮನೆ ಕೊಳ್ಳುವವನ ಆತುರವೂ ಮಾರುವವನ ನಿಧಾನವೂ



ನಮ್ಮ ಭಾಷೆಯಲ್ಲಿ ಕಾಲಹರಣವೆಂಬ ಒಂದು ಮಾತುಂಟು. ಹರಣವೆಂದರೆ ತನ್ನದಲ್ಲದ್ದನ್ನು ತೆಗೆದುಕೊಂಡು ಹೋಗುವದು. ಪರರ ಹಣವನ್ನು ತೆಗೆದವನನ್ನು ಲೋಕವು ಕಳ್ಳನೆಂದು ಕರೆಯುತ್ತದೆ. ಪರರ ದಿನಗಳನ್ನು ತೆಗೆದವನಿಗೆ ಮಾತ್ರ ಅಂಥ ಹೆಸರಿಲ್ಲ. ಹಾಗಾದರೆ ಒಬ್ಬನ ನಿಧಾನದಿಂದ ಇನ್ನೊಬ್ಬನಿಗೆ ನಷ್ಟವಾಗುವಾಗ ಅದು ಅನ್ಯಾಯವೋ, ಬರೀ ಸ್ವಭಾವವೋ? ಆ ನಷ್ಟವನ್ನು ತಪ್ಪಿಸಿಕೊಳ್ಳುವದಕ್ಕೋಸ್ಕರ ನಾವು ಅವನನ್ನು ಎಷ್ಟರ ಮಟ್ಟಿಗೆ ಅವಸರಪಡಿಸಬಹುದು? ಮನೆಯ ಕ್ರಯವಿಕ್ರಯದಲ್ಲಿ ಈ ಪ್ರಶ್ನೆಯು ಬಹು ಸ್ಪಷ್ಟವಾಗಿ ಎದುರಾಗುವದರಿಂದ, ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡು ವಿಚಾರಿಸೋಣ.

ಹಳ್ಳಿಯಲ್ಲಿರುವ ನಮಗೆ ಇದರ ಗೊಡವೆ ಯಾಕೆಂದು ಕೇಳಬೇಡಿರಿ. ಮಕ್ಕಳ ಓದಿಗಾಗಿಯೋ, ಕೆಲಸಕ್ಕಾಗಿಯೋ, ಮುಪ್ಪಿನಲ್ಲಿ ಆಸ್ಪತ್ರೆ ಹತ್ತಿರವಿರಲೆಂದೋ ನಂಜನಗೂಡು, ಹುಣಸೂರುಗಳ ಕಡೆಯಿಂದ ಮೈಸೂರಿಗೆ ಹೋಗಿ ನೆಲೆಸುವ ಕುಟುಂಬಗಳುಂಟು. ಅಂಥವನು ಮೊದಲು ಒಂದು ಮನೆಯನ್ನು ಭೋಗ್ಯಕ್ಕೆ ಹಿಡಿದಿದ್ದಾನೆಂದು ಭಾವಿಸೋಣ. ಅವಧಿ ಮುಗಿದ ದಿನ ಅವನು ಮನೆಯನ್ನು ಬಿಡಬೇಕು. ಬಿಟ್ಟ ಹೊರತು ಅವನು ಕೊಟ್ಟಿದ್ದ ಹಣವು ಕೈಗೆ ಬಾರದು. ಆ ಹಣವು ಬಾರದ ಹೊರತು ಕೊಳ್ಳುವ ಮನೆಯ ಕ್ರಯವು ಪೂರ್ತಿಯಾಗದು. ಬ್ಯಾಂಕು ಮಂಜೂರು ಮಾಡಿದ ಸಾಲಕ್ಕೂ ಒಂದು ಅವಧಿಯುಂಟು. ಜೂನ್ ತಿಂಗಳ ಹೊತ್ತಿಗೆ ಶಾಲೆಗಳು ತೆರೆಯುತ್ತವೆ. ಹಳೆಯ ಮನೆಯನ್ನು ಲಾಭಕ್ಕೆ ಮಾರಿದವನಾದರೆ, ಮಾರಿದ ಮೇಲೆ ಎರಡು ವರ್ಷಗಳೊಳಗೆ ಬೇರೊಂದನ್ನು ಕೊಳ್ಳಬೇಕು, ಇಲ್ಲವೆ ಮೂರು ವರ್ಷಗಳೊಳಗೆ ಕಟ್ಟಬೇಕು; ತಪ್ಪಿದರೆ ಆ ಲಾಭಕ್ಕೆ ಆದಾಯ ತೆರಿಗೆಯಲ್ಲಿ ದೊರೆಯುವ ವಿನಾಯಿತಿಯು ಹೋಗುವದು. ಹೀಗೆ ನಾಲ್ಕು ಕಡೆಯಿಂದ ಗಡುವು ಅವನನ್ನು ನೂಕುತ್ತಿರುವಾಗ, ಮನೆಯ ಯಜಮಾನನು ಜಗಲಿಯ ಮೇಲೆ ಕುಳಿತು, “ಅವಸರವೇನು ಸ್ವಾಮಿ, ಮುಂದಿನ ವಾರ ನೋಡೋಣ” ಅನ್ನುತ್ತಾನೆ. ಕೊಳ್ಳುವವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ.

ಈ ಕೋಪವು ನ್ಯಾಯವೋ? ನಾವು ಹೇಳುವದೇನಂದರೆ, ಗಡುವು ಮೊದಲು ಕೊಳ್ಳುವವನೊಬ್ಬನದೇ. ಅವನ ಭೋಗ್ಯವನ್ನು ಮಾರುವವನು ಬರೆದುಕೊಡಲಿಲ್ಲ. ಅವನ ಮಕ್ಕಳನ್ನು ಶಾಲೆಗೆ ಸೇರಿಸುವೆನೆಂದು ಮಾರುವವನು ಮಾತು ಕೊಡಲಿಲ್ಲ. ತನ್ನ ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡ ದಿನಾಂಕವನ್ನು ಇನ್ನೊಬ್ಬನು ಮೀರಿದನೆಂದು ದೂರುವದು, ಹೇಳದೆ ಇದ್ದ ಸಾಲವನ್ನು ತೀರಿಸಲಿಲ್ಲವೆಂದು ಬೈದಂತೆ. ಆದರೆ ಆ ದಿನಾಂಕವನ್ನು ತಿಳಿಸಿ, ಮಾರುವವನು ಅದನ್ನು ಕೇಳಿ, “ಆಗಲಿ, ಅಷ್ಟರೊಳಗೆ ಕ್ರಯಪತ್ರ ಮಾಡಿಕೊಡುತ್ತೇನೆ” ಎಂದು ಒಪ್ಪಿದ ಮೇಲೆ, ಆ ದಿನಗಳು ಇಬ್ಬರ ನಡುವಿನ ಸ್ವತ್ತಾಗುತ್ತವೆ. ಅನಂತರ ಕಾರಣವಿಲ್ಲದೆ ತಡಮಾಡುವವನು ನಿಜವಾಗಿ ಸಾಲಗಾರನೇ.

ಇಲ್ಲಿ ಒಂದು ಕಷ್ಟವುಂಟು. ನಮ್ಮ ಅವಸರವನ್ನು ಬಿಚ್ಚಿ ಹೇಳಿದರೆ ಮಾರುವವನು ಅದನ್ನೇ ಹಿಡಿದುಕೊಂಡು ಬೆಲೆಯನ್ನು ಏರಿಸಬಹುದು. ಆದದರಿಂದ ಅನೇಕರು, “ನಮಗೇನೂ ತ್ವರೆಯಿಲ್ಲ” ಎಂದು ಸುಳ್ಳು ಹೇಳಿ, ಒಳಗೊಳಗೆ ಬೇಯುತ್ತಾರೆ; ಬೇರೆ ಕೆಲವರು, “ಇನ್ನೊಂದು ಮನೆ ಗೊತ್ತಾಗಿದೆ, ನಾಳೆಯೇ ಮುಂಗಡ ಕೊಡುತ್ತೇವೆ” ಎಂದು ಇಲ್ಲದ ಮನೆಯನ್ನು ಇದೆಯೆಂದು ಹೆದರಿಸುತ್ತಾರೆ. ಇವೆರಡೂ ಸಲ್ಲವು. ಆದರೆ ಸುಳ್ಳು ಹೇಳದೆ ಇರುವದಕ್ಕೂ ಎಲ್ಲವನ್ನೂ ಹೇಳಿಬಿಡುವದಕ್ಕೂ ನಡುವೆ ದಾರಿಯುಂಟು. ದಿನಾಂಕವನ್ನು ಹೇಳಬೇಕು, ಅದರ ಹಿಂದಿರುವ ಇಕ್ಕಟ್ಟನ್ನೆಲ್ಲಾ ಹೇಳಬೇಕಾದ ಋಣವಿಲ್ಲ. “ಮೇ ತಿಂಗಳ ಕೊನೆಯೊಳಗೆ ನೋಂದಣಿಯಾಗಬೇಕು, ಆಗದಿದ್ದರೆ ನಾವು ಬೇರೆ ಕಡೆ ನೋಡಿಕೊಳ್ಳಬೇಕಾಗುವದು” ಎಂಬ ಮಾತು ಸತ್ಯವೂ ಹೌದು, ಸಾಕಷ್ಟೂ ಹೌದು. ಅಂಥ ಮಾತನ್ನು ಬೆಲೆ ಗೊತ್ತುಮಾಡುವ ದಿನವೇ ಹೇಳತಕ್ಕದ್ದು, ಮುಂಗಡ ಕೊಟ್ಟ ಮೇಲಲ್ಲ.

ಬಾಯಿಮಾತು ಸಾಲದೆಂಬದಕ್ಕೆ ದೇಶದ ಕಾನೂನೇ ಸಾಕ್ಷಿ. ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆಯ ಪ್ರಕಾರ ಕ್ರಯದ ಕರಾರು ತಾನಾಗಿಯೇ ಮನೆಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವದಿಲ್ಲ. ನೋಂದಣಿಯಾದ ಕ್ರಯಪತ್ರದಿಂದಲೇ ಮನೆಯು ಕೈ ಬದಲಾಗುವದು. ಕಾಲವೇ ಕರಾರಿನ ಜೀವವಾಗಿದ್ದರೆ ಗಡುವು ಮೀರಿದವನ ಮೇಲೆ ಕರಾರನ್ನು ರದ್ದುಪಡಿಸಬಹುದೆಂದು ೧೮೭೨ರ ಕರಾರು ಕಾಯಿದೆಯು ಹೇಳುತ್ತದೆ. ಆದರೆ ಸ್ಥಿರಸ್ವತ್ತಿನ ಮಾರಾಟದಲ್ಲಿ ಕಾಲವೇ ಜೀವವೆಂದು ಮೊದಲೇ ಊಹಿಸಕೂಡದೆಂದೂ, ಕರಾರಿನ ಮಾತುಗಳಿಂದಲೂ ಸಂದರ್ಭದಿಂದಲೂ ಅದನ್ನು ತಿಳಿಯಬೇಕೆಂದೂ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ೧೯೯೨ರಲ್ಲಿ ತೀರ್ಮಾನಿಸಿತು. ಇದರ ಭಾವವನ್ನು ಹಳ್ಳಿಯ ಮಾತಿನಲ್ಲಿ ಹೇಳುವದಾದರೆ, ನಿಮ್ಮ ಗಡುವು ನಿಮಗೆ ಪ್ರಾಣವಾದರೆ ಅದನ್ನು ಕರಾರಿನಲ್ಲಿ ಬರೆಯಿಸಿರಿ. ಬರೆಯಿಸದೆ ಇದ್ದು ಆಮೇಲೆ ಅಳಬೇಡಿರಿ. ಮುಂಗಡವನ್ನೂ ಮಿತವಾಗಿ ಕೊಡಿರಿ. ಕೈತುಂಬ ಮುಂಗಡ ಪಡೆದವನಿಗೆ ಉಳಿದದ್ದನ್ನು ಪಡೆಯುವ ಅವಸರವಿರುವದಿಲ್ಲ.

ಇನ್ನು ನಿಧಾನಕ್ಕೆ ಬರೋಣ. ನಿಧಾನಿಗಳೆಲ್ಲರೂ ಒಂದೇ ಜಾತಿಯವರಲ್ಲ, ಮೂರು ಬಗೆಯುಂಟು.

ಮೊದಲನೆಯ ಬಗೆಯಲ್ಲಿ ನಿಧಾನವು ಮನುಷ್ಯನದಲ್ಲ, ಕಾಗದದ್ದು. ಮೈಸೂರಿನ ಮನೆಗಳ ಹಿಂದೆ ಕಾಗದಗಳ ದೊಡ್ಡ ಸಾಲೇ ಇದೆ. ಹತ್ತೊಂಭತ್ತನೆಯ ಶತಮಾನದ ಕೊನೆಯಲ್ಲಿ ನಗರವನ್ನು ಪ್ಲೇಗು ಹೊಕ್ಕಿತು. ೧೯೦೩ರಲ್ಲಿ ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಏರ್ಪಟ್ಟು, ಹೊಸ ಬಡಾವಣೆಗಳು ಎದ್ದವು. ೧೯೮೮ರಲ್ಲಿ ಆ ಕೆಲಸವನ್ನು ನಗರಾಭಿವೃದ್ಧಿ ಪ್ರಾಧಿಕಾರವು ವಹಿಸಿಕೊಂಡಿತು. ಅಜ್ಜನಿಗೆ ಬೋರ್ಡು ಕೊಟ್ಟ ಹಂಚಿಕೆಯ ಪತ್ರ, ತಂದೆಯ ಹೆಸರಿನ ಖಾತೆ, ಮಗನು ಕಟ್ಟಿದ ಕಂದಾಯದ ರಸೀದಿ, ಋಣಭಾರ ಪತ್ರ, ೨೦೨೪ರಿಂದ ನೋಂದಣಿಗೆ ಬೇಕಾದ ಈ-ಖಾತೆ, ಇವೆಲ್ಲಾ ಒಂದಕ್ಕೊಂದು ಹೊಂದಬೇಕು. ಇದಲ್ಲದೆ ವಾರಸುದಾರರ ಒಪ್ಪಿಗೆ ಬೇಕು. ಮರಣಶಾಸನ ಬರೆಯದೆ ತಂದೆಯು ತೀರಿಹೋದರೆ, ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ೧೯೨೫ರ ಉತ್ತರಾಧಿಕಾರದ ಕಾಯಿದೆಯಂತೆ ವಿಧವೆಗೆ ಮೂರರಲ್ಲಿ ಒಂದು ಪಾಲು. ಮಿಕ್ಕದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ ಸಲ್ಲುವದು. ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ೧೯೯೪ರಿಂದಲೂ ದೇಶದಲ್ಲೆಲ್ಲಾ ೨೦೦೫ರಿಂದಲೂ ಗಂಡುಮಕ್ಕಳಂತೆಯೇ ಹಕ್ಕು ದೊರಕಿತು. ತಂಗಿಯು ಪರಊರಿನಿಂದ ಬಂದು ಸಹಿ ಹಾಕುವ ತನಕ ಅಣ್ಣನು ಕಾಯುವದಾದರೆ ಅವನನ್ನು ಸೋಮಾರಿಯೆಂದು ಬೈಯಬಾರದು. ಅವನು ನಿಮ್ಮನ್ನು ವ್ಯಾಜ್ಯದಿಂದ ಕಾಪಾಡುತ್ತಿದ್ದಾನೆ. ಇಂಥವನಿಗೆ ಒತ್ತಾಯವಲ್ಲ, ಸಹಾಯವೇ ಬೇಕು. ಯಾವ ಕಾಗದ ಕಡಿಮೆಯೆಂದು ಕೇಳಿರಿ. ಅರ್ಜಿ ಬರೆಯಲು ನೆರವಾಗಿರಿ. ಜೊತೆಗೆ ಕಚೇರಿಗೆ ನಡೆಯಿರಿ.

ಎರಡನೆಯ ಬಗೆಯಲ್ಲಿ ನಿಧಾನವು ಹೃದಯದ್ದು. ಒಬ್ಬ ಮುದುಕಿಯು ತಾನು ಮದುವೆಯಾಗಿ ಕಾಲಿಟ್ಟ ಮನೆಯನ್ನು, ಗಂಡನು ಪ್ರಾಣ ಬಿಟ್ಟ ಕೋಣೆಯನ್ನು ಮಾರಬೇಕಾಗಿದೆ. ಹಣ ಬೇಕೆಂಬದನ್ನು ಬಲ್ಲಳು, ಆದರೂ ಕೈ ಸಹಿ ಹಾಕಲಾರದು. ಇನ್ನೊಬ್ಬನು, “ಈಗ ಆಷಾಢ, ಶ್ರಾವಣ ಹುಟ್ಟಲಿ ಸ್ವಾಮಿ” ಅನ್ನುತ್ತಾನೆ. ಆಷಾಢವಾಗಲಿ ಪಿತೃಪಕ್ಷವಾಗಲಿ ನಮಗೆ ಅಡ್ಡಿಯಲ್ಲ. ಆದರೂ ನೆರೆಯವನ ಮನಸ್ಸಾಕ್ಷಿಯನ್ನು ನಮ್ಮ ಅವಸರಕ್ಕಾಗಿ ತುಳಿಯುವದು ನಂಬಿಕೆಯ ಗುರುತಲ್ಲ. ಪಂಚಾಂಗವು ಎಲ್ಲರ ಮನೆಯಲ್ಲೂ ತೂಗುತ್ತಿರುತ್ತದೆ. ಆಷಾಢವು ಬರುವದೆಂದು ಮೊದಲೇ ತಿಳಿದು ಅದರ ಹಿಂದೆ ದಿನವನ್ನು ಗೊತ್ತುಮಾಡದೆ ಇದ್ದದ್ದು ಕೊಳ್ಳುವವನ ಅಜಾಗ್ರತೆ. ಆ ಮುದುಕಿಗಾದರೋ, “ಅಮ್ಮಾ, ಇಂಥ ದಿನದ ತನಕ ಕಾಯುತ್ತೇವೆ, ಅಷ್ಟರಲ್ಲಿ ಮನಸ್ಸಾಗದಿದ್ದರೆ ಮುಂಗಡವನ್ನು ಹಿಂದಕ್ಕೆ ಕೊಟ್ಟುಬಿಡಿ, ನಮಗೆ ಬೇಸರವಿಲ್ಲ” ಎಂದು ಸ್ಪಷ್ಟವಾಗಿ ಹೇಳುವದೇ ದಯೆ. ಕೊನೆಯಿಲ್ಲದ ತಾಳ್ಮೆ ಅವಳಿಗೂ ಹಿಂಸೆಯೇ.

ಮೂರನೆಯ ಬಗೆಯು ಉಪಾಯದ ನಿಧಾನ. ಹಳ್ಳಿಗಳಲ್ಲಿ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಬಾಗಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದನ್ನು ನೀವು ಕಂಡಿರಬಹುದು. ಹೆಚ್ಚು ಬೆಲೆ ಕೊಡುವವನು ಬಂದಾನೆಂದು ಕಾಯುವ ಮಾರಾಟಗಾರನು ಕೊಳ್ಳುವವನನ್ನು ಆ ದೆವ್ವದಂತೆಯೇ ನಡಿಸುತ್ತಾನೆ. ಇವನನ್ನು ಗುರುತಿಸುವದು ಹೇಗಂದರೆ, “ಏನು ಉಳಿದಿದೆ?” ಎಂದು ಕೇಳಿರಿ. ಕಾಗದವಿಲ್ಲದವನು ಕಾಗದದ ಹೆಸರನ್ನು ಹೇಳುತ್ತಾನೆ. ಮನಸ್ಸಿಲ್ಲದವನು ‘ನಾಳೆ’ ಅನ್ನುತ್ತಾನೆ. ಅಂಥವನ ಮುಂದೆ ಗೋಗರೆಯುವದೂ ಬೇಡ, ಗದರಿಸುವದೂ ಬೇಡ. ಒಂದು ದಿನವನ್ನು ನೇಮಿಸಿ ಬರಹದ ಮೂಲಕ ತಿಳಿಸಿ, ಆ ದಿನ ಮೀರಿದರೆ ಮುಂಗಡವನ್ನು ಕೇಳಿ ಹೊರಡಿರಿ. ಹೊರಡಲು ಸಿದ್ಧನಾದವನಿಗೆ ಸುಳ್ಳಿನ ಸಹಾಯ ಬೇಡ. ಆದದರಿಂದಲೇ ಭೋಗ್ಯದ ಮನೆಯವರೊಂದಿಗೆ ಒಂದೆರಡು ತಿಂಗಳ ಹೆಚ್ಚು ಅವಧಿಯನ್ನು ಮುಂಚೆಯೇ ಮಾತಾಡಿಕೊಂಡಿರುವದು ಬುದ್ಧಿವಂತಿಕೆ.

ಆತುರವು ಎಷ್ಟೇ ನ್ಯಾಯವಾಗಿದ್ದರೂ ಒಂದು ಎಲ್ಲೆಯನ್ನು ದಾಟಕೂಡದು: ಅದರ ಬೆಲೆಯನ್ನು ಮೂರನೆಯವನು ತೆರಬಾರದು. ತಂಗಿಯ ಸಹಿಯನ್ನು ಬಿಟ್ಟು, “ಆಮೇಲೆ ನೋಡಿಕೊಳ್ಳೋಣ” ಎಂದು ನೋಂದಣಿ ಮಾಡಿಸಿಕೊಂಡರೆ, ಕೊಳ್ಳುವವನು ಉಳಿಸಿದ ದಿನಗಳನ್ನು ಅವಳ ಪಾಲಿನಿಂದ ತೆಗೆದನು. ಖಾತೆಯು ಬೇಗನೆ ಆಗಲೆಂದು ಮಾಮೂಲು ಕೊಟ್ಟರೆ, ಸಾಲಿನಲ್ಲಿ ನಿಂತಿರುವ ಬಡವನ ಸರದಿಯನ್ನು ಕೊಂಡುಕೊಂಡನು. ಕರ್ನಾಟಕದಲ್ಲಿ ೨೦೧೧ರ ಸಕಾಲ ಕಾಯಿದೆಯು ಕಚೇರಿಯ ಕೆಲಸಗಳಿಗೆ ಇಷ್ಟೇ ದಿನಗಳೆಂದು ಗೊತ್ತುಮಾಡಿ, ತಡಮಾಡಿದ ಅಧಿಕಾರಿಯಿಂದ ಅರ್ಜಿದಾರನಿಗೆ ದಿನವೊಂದಕ್ಕೆ ೨೦ ರೂಪಾಯಿಯಂತೆ ೫೦೦ ರೂಪಾಯಿಯ ತನಕ ಪರಿಹಾರವನ್ನು ವಿಧಿಸಿತು. ಮೊತ್ತವು ಅಲ್ಪ, ಆದರೆ ಪರರ ದಿನಕ್ಕೆ ಬೆಲೆಯುಂಟೆಂಬ ಒಪ್ಪಿಗೆಯು ಅಲ್ಪವಲ್ಲ. ಮಾಮೂಲಿನ ದಾರಿಯನ್ನು ಬಿಟ್ಟು ಈ ದಾರಿಯನ್ನು ಹಿಡಿಯಿರಿ.

ಗಡುವುಗಳಲ್ಲಿ ಕಠಿಣವಾದ ಗಡುವು ಅಬ್ರಹಾಮನಿಗೆ ಇತ್ತು. ಸಾರಳ ಶವವು ಮುಂದಿದೆ, ಹೂಳುವದಕ್ಕೆ ಅಂಗೈಯಷ್ಟು ನೆಲವಿಲ್ಲ, ತಾನು ಪರದೇಶಿ. ಮಾರುವ ಎಫ್ರೋನನೋ ಮೊದಲು ಸುಮ್ಮನೆ ಕೊಡುತ್ತೇನೆಂದು ಉಪಚಾರದ ಮಾತಾಡಿ, ಕೊನೆಗೆ ೪೦೦ ಶೆಕೆಲು ಬೆಳ್ಳಿಯನ್ನು ಸೂಚಿಸುತ್ತಾನೆ. ಅಬ್ರಹಾಮನು ಬೇಡಿಕೆಯನ್ನು ಮೊದಲೇ ಬಿಚ್ಚಿ ಹೇಳಿದನು, ಬಾಗಿ ಮಾತಾಡಿದನು, ಊರಬಾಗಲಲ್ಲಿ ಎಲ್ಲರ ಕಣ್ಣ ಮುಂದೆ ಬೆಳ್ಳಿಯನ್ನು ತೂಗಿಕೊಟ್ಟನು; ಹೊಲ, ಗವಿ, ಮೇರೆಯೊಳಗಿನ ಮರಗಳು ಎಲ್ಲವೂ ಸಾಕ್ಷಿಗಳೆದುರಿಗೆ ಸ್ಥಿರವಾದವು. ದುಃಖದ ಅವಸರದಲ್ಲಿಯೂ ಅವನು ಮರ್ಯಾದೆಯನ್ನಾಗಲಿ ಸಾಕ್ಷಿಯನ್ನಾಗಲಿ ಬಿಡಲಿಲ್ಲ.

ಮಾರುವ ಸಹೋದರರಿಗೂ ಒಂದು ಮಾತು. ಮಾರಲು ಮನಸ್ಸಿಲ್ಲದಿದ್ದರೆ ಇಲ್ಲವೆನ್ನಿರಿ. ಇಲ್ಲವೆಂಬ ಮಾತು ಕೇಳಿದವನು ಅಂದೇ ಬೇರೆ ಬಾಗಲನ್ನು ತಟ್ಟುವನು. ನಾಳೆಯೆಂಬ ಮಾತು ಕೇಳಿದವನು ನಿಮ್ಮ ಬಾಗಲಲ್ಲೇ ತನ್ನ ದಿನಗಳನ್ನು ಕಳಕೊಳ್ಳುವನು.

ಇಷ್ಟೆಲ್ಲಾ ಮಾಡಿಯೂ ಗಡುವು ತಪ್ಪಬಹುದು. ಒಂದೆರಡು ತಿಂಗಳ ಬಾಡಿಗೆ, ತೆರಿಗೆ, ಸಾಮಾನುಗಳನ್ನು ಎರಡು ಸಾರಿ ಸಾಗಿಸುವ ಕೂಲಿ, ಇವೆಲ್ಲಾ ನಿಜವಾದ ನಷ್ಟಗಳೇ. ಬಡಸಂಸಾರಕ್ಕೆ ಅವು ಹಗುರವಲ್ಲ. ಆದರೂ ಆ ನಷ್ಟಕ್ಕೆ ಲೆಕ್ಕವುಂಟು, ತೀರುವ ದಿನವುಂಟು. ಹೆದರಿಸಿ, ಸುಳ್ಳಾಡಿ, ಒಬ್ಬಳ ಪಾಲನ್ನು ನುಂಗಿ ಹೊಕ್ಕ ಮನೆಯಲ್ಲಿ ಬಾಳೆಲ್ಲಾ ಮಲಗಬೇಕಲ್ಲವೇ? ಆದದರಿಂದ ದಿನಾಂಕವನ್ನು ಮೊದಲೇ ಹೇಳಿರಿ, ಬರೆಯಿಸಿರಿ, ಕಾರಣವನ್ನು ಕೇಳಿರಿ, ನೆರವಾಗಿರಿ, ಆಮೇಲೆ ಅಗತ್ಯವಾದರೆ ಸಮಾಧಾನದಿಂದ ಹೊರಡಿರಿ.