ಓಗೊಟ್ಟರೆ ಜೀವವಿದೆಯೇ?

ಜಗಳೂರಿನ ಮಳೆಯಾಶ್ರಿತ ಹೊಲದಲ್ಲಿ ಶೇಂಗಾ ಗಿಡ ಕಿತ್ತರೆ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಅವು ರೋಗವಲ್ಲ, ಎರಡು ಜೀವಗಳು ಮಾತಾಡಿಕೊಂಡು ಕಟ್ಟಿದ ಮನೆ. ಬೇರು ಫ್ಲೇವನಾಯ್ಡ್ ಎಂಬ ರಸಾಯನವನ್ನು ಮಣ್ಣಿಗೆ ಬಿಡುತ್ತದೆ. ಅದನ್ನು ಗುರುತಿಸಿದ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ತನ್ನದೇ ರಾಸಾಯನಿಕ ನುಡಿಯಲ್ಲಿ ಮರುನುಡಿಯುತ್ತದೆ. ಕವಲುಬೇರು ಒಡೆದ ಸಂದಿಯಿಂದ ಒಳಹೊಗುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ಗೊಬ್ಬರವಾಗಿಸುತ್ತದೆ. ಬಿತ್ತನೆ ಬೀಜಕ್ಕೆ ಬೆಲ್ಲದ ನೀರು, ರೈಜೋಬಿಯಂ ಪುಡಿ ಲೇಪಿಸಿ ನೆರಳಲ್ಲಿ ಆರಿಸುವ ರೈತ ಈ ಸಂಬಂಧ ಕುದುರಿಸುವ ಹಿರಿಯನಿದ್ದಂತೆ.

ಮಾತಾಡುವ ಇಬ್ಬರಲ್ಲಿ ಒಬ್ಬರಿಗೆ ಜೀವವೇ ಇಲ್ಲದಿದ್ದರೆ?

ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದಲ್ಲಿ ಶೆರೆಫ್ ಮ್ಯಾನ್ಸಿ ಅವರ ತಂಡ 2014ರಲ್ಲಿ ಇಂಥದ್ದನ್ನು ಮಾಡಿ ತೋರಿಸಿತು. ಕೊಬ್ಬಿನ ಪೊರೆಯ ಸೂಕ್ಷ್ಮ ಗುಳ್ಳೆಯೊಳಗೆ ಡಿಎನ್‌ಎ ಮತ್ತು ಪ್ರೋಟೀನ್ ತಯಾರಿಸುವ ಸಾಮಗ್ರಿ ತುಂಬಿದರು. ದಮ್ಮಿಗೆ ಕೊಡುವ ಥಿಯೋಫಿಲಿನ್ ಔಷಧಿಯ ಸುಳಿವು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಾನಾಗಿ ಹತ್ತದು, ಗುಳ್ಳೆಗೆ ಹತ್ತಿತು. ಅದು ಪೊರೆಯಲ್ಲಿ ರಂಧ್ರ ತೆರೆದು ಬೇರೊಂದು ರಸಾಯನವನ್ನು ಹೊರಬಿಟ್ಟಿತು, ಬ್ಯಾಕ್ಟೀರಿಯಾ ಅದಕ್ಕೆ ಓಗೊಟ್ಟಿತು. 2017ರಲ್ಲಿ ಅದೇ ತಂಡದ ಗುಳ್ಳೆಗಳು ಕೇಳುವುದನ್ನೂ ಹೇಳುವುದನ್ನೂ ಕಲಿತವು. ಯಂತ್ರ ಮನುಷ್ಯನಂತೆ ಮಾತಾಡಬಲ್ಲದೇ ಎಂದು ಅಳೆಯಲು ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ ಪರೀಕ್ಷೆಯನ್ನು ಇಲ್ಲಿ ಜೀವಕೋಶಕ್ಕೆ ಹೊಂದಿಸಿದ್ದರು. ಗೊತ್ತುಪಡಿಸಿದ ಸನ್ನಿವೇಶದಲ್ಲಿ ಗುಳ್ಳೆಗಳು ವಿಬ್ರಿಯೋ ಫಿಷೆರಿ ಎಂಬ ಕಡಲ ಬ್ಯಾಕ್ಟೀರಿಯಾವನ್ನು ಬಹುಮಟ್ಟಿಗೆ ಹೋಲುವಂತೆ ವರ್ತಿಸಿದವು.

ಹಾಗಾದರೆ ಅವಕ್ಕೆ ಜೀವ ಬಂತೇ? ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಯೋಚಿಸಿದವರು ಜೈನರು. ಅವರ ದರ್ಶನದಲ್ಲಿ ನಿಗೋದವೆಂಬ ಅತಿಸೂಕ್ಷ್ಮ ಜೀವಿಗೂ ಆತ್ಮವುಂಟು. ಜೀವದ ಲಕ್ಷಣ ಅರಿವು. ಅವರು ಅದನ್ನು ‘ಉಪಯೋಗ’ ಎನ್ನುತ್ತಾರೆ. ನಿಂತಲ್ಲೇ ನಿಂತ ಗಿಡಕ್ಕೂ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು, ಅಂದರೆ ಸಹಜ ತುಡಿತಗಳು, ಇವೆ ಎನ್ನುತ್ತಾರೆ.

ಈ ಒರೆಗಲ್ಲಿಗೆ ಹಚ್ಚಿದರೆ ಟ್ರೆಂಟೊದ ಗುಳ್ಳೆ ಸೋಲುತ್ತದೆ. ಅದಕ್ಕೆ ಮಾತು ಬಂದಿದೆ, ಹಸಿವು ಬಂದಿಲ್ಲ. ತುಂಬಿಟ್ಟ ಸಾಮಗ್ರಿ ಮುಗಿದರೆ ಸುಮ್ಮನಾಗುತ್ತದೆ; ಹುಡುಕಿ ಹೋಗದು, ಮರಿ ಹಾಕದು. ಶೇಂಗಾದ ಬೇರಿಗಾದರೋ ಮಾತೆಂದರೆ ಬದುಕಿನ ವ್ಯವಹಾರ: ತಪ್ಪು ಅತಿಥಿಯನ್ನು ಒಳಬಿಟ್ಟರೆ ಕೊಟ್ಟ ಸಕ್ಕರೆ ನಷ್ಟ. ಕಳೆದುಕೊಳ್ಳಲು ಏನೂ ಇಲ್ಲದ್ದನ್ನು ಜೀವಿ ಎನ್ನಲಾಗದು. ಗುಳ್ಳೆ ತಾನೇ ಉಂಡು, ತಾನೇ ಬೆಳೆದು, ಎರಡಾಗುವ ದಿನ ಬಂದರೆ ಅದನ್ನು ಚರಂಡಿಗೆ ಚೆಲ್ಲುವ ಮುನ್ನ ಅಹಿಂಸೆಯ ಪ್ರಶ್ನೆಗೂ ಉತ್ತರ ಹೇಳಬೇಕಾಗುತ್ತದೆ.

ಅಲ್ಲಿಯವರೆಗೆ, ಹೊಲಕ್ಕೆ ಹೋದಾಗ ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಆ ಬಣ್ಣ ಕೊಡುವ ಲೆಗ್‌ಹಿಮೋಗ್ಲೋಬಿನ್ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ನೆಂಟ.