ಕಂಡ ಮೇಲೆ

ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನನ್ನು ಯಾಜಕನೂ ಕಂಡನು, ಲೇವಿಯನೂ ಕಂಡನು. ಲೂಕನ ಸುವಾರ್ತೆಯ ಈ ದೃಷ್ಟಾಂತದಲ್ಲಿ ಸಮಾರ್ಯದವನ ಔದಾರ್ಯಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಇವರಿಬ್ಬರು ಕಂಡರೆಂಬುದೇ. ಅವರು ಅರಿಯದವರಲ್ಲ, ಅರಿತೇ ಆಚೆಯ ಬದಿ ಹಿಡಿದರು. ಸಮಾರ್ಯದವನಾದರೋ ಹತ್ತಿರ ಬಂದನು. ಎಣ್ಣೆ, ದ್ರಾಕ್ಷಾರಸ, ಛತ್ರದವನಿಗೆ ಎರಡು ನಾಣ್ಯ, ಇಷ್ಟೇ ಅಲ್ಲದೆ ಮರಳಿ ಬರುವೆನೆಂಬ ಮಾತನ್ನೂ ಕೊಟ್ಟನು. ಕನಿಕರದಲ್ಲಿ ಕಷ್ಟವಾದ ಭಾಗ ಈ ಮಾತೇ ಎಂದು ನಮಗೆ ತೋರುತ್ತದೆ.

ನಮ್ಮ ಸೆಟ್ಟೂರು ಸೀಮೆ ಮಳೆ ಕಡಮೆಯಾದುದು. ಶೇಂಗಾ ಒಣಗುವುದನ್ನು ಕಾಣದವರು ಇಲ್ಲಿ ಯಾರು? ಸ್ಪೇನ್ ದೇಶದ ಯೇಸುಸಭೆಯ ವಿನ್ಸೆಂಟ್ ಫೆರರ್ ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ಬಾವಿಗಳಿಗೆ ನೆರವಾಗಿದ್ದವರು. 1968ರಲ್ಲಿ ದೇಶ ಬಿಡಬೇಕಾಯಿತು. 1969ರಲ್ಲಿ ಮರಳಿ ಅನಂತಪುರಕ್ಕೇ ಬಂದರು. ಮರುವರ್ಷ ಸಭೆಯನ್ನು ತೊರೆದರು, ಜಿಲ್ಲೆಯನ್ನು ತೊರೆಯಲಿಲ್ಲ. ಅವರ ಸಂಸ್ಥೆ ಕಲ್ಯಾಣದುರ್ಗದಲ್ಲಿ ಆಸ್ಪತ್ರೆಯನ್ನೂ ಕಟ್ಟಿತು. 2009ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಇಲ್ಲಿಯೇ ನಿಂತರು.

ಕ್ರೈಸ್ತರ ಸೇವೆಯ ಹಿಂದೆ ಮತಾಂತರದ ಆಸೆಯುಂಟೆಂದು ಶಂಕಿಸುವವರಿದ್ದಾರೆ. ಪ್ರಶ್ನೆ ಸಲ್ಲದುದಲ್ಲ. ಆದರೆ ಸಮಾರ್ಯದವನು ಗಾಯಾಳುವಿನ ಕುಲವನ್ನಾಗಲಿ ನಂಬಿಕೆಯನ್ನಾಗಲಿ ವಿಚಾರಿಸಿದಂತೆ ಆ ಕಥೆಯಲ್ಲಿಲ್ಲ. ವಿಚಾರಿಸಿದ್ದರೆ ಅದು ಬೇರೆಯೇ ಕಥೆಯಾಗುತ್ತಿತ್ತು.

ನಾವು ಉಪಾಧ್ಯಾಯರು. ಬರದ ವರ್ಷವೊಂದರಲ್ಲಿ ತಂದೆತಾಯಿಗಳೊಡನೆ ಗುಳೆ ಹೋದ ಹುಡುಗನ ಹೆಸರಿನ ಮುಂದೆ ದಿನವೂ ಗೈರುಹಾಜರಿಯನ್ನು ತಪ್ಪದೆ ಗುರುತಿಸಿದೆವು. ಅವನ ಮನೆ ಶಾಲೆಯಿಂದ ಎರಡು ಬೀದಿ ಆಚೆ. ಅಲ್ಲಿ ಮುದುಕಿಯಾದ ಅಜ್ಜಿಯೊಬ್ಬಳೇ ಉಳಿದಿರುವಳೆಂದು ಬಲ್ಲೆವು. ಒಂದು ಸಂಜೆಯೂ ನಾವು ಆ ಕಡೆ ತಿರುಗಲಿಲ್ಲ.